ಜೋಡಿ ಹಗ್ಗ

ನವೆಂಬರ್ 9, 2003. ಲಿವೋನಿಯಾ, ಮಗಳ ಊರು

ಹೊರಗೆ 38 ಡಿಗ್ರಿ ಫ್ಯಾರನ್‌ಹೀಟ್, ಚಳಿ. ನನ್ನವರು, ಮೇಜರ್, ಗಂಜಿ ಕುಡಿದರು. ಗಡ್ಡ ನಾನೇ ಹೆರೆದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನುಷ್ಯ ಇಲ್ಲ. ಮನೆಸಾಲಿನ ಹಿಂದಿನ ಕೊಳದಿಂದ ಪೊಲೀಸಿನವನು ಕರೆತಂದ. ಮೊಣಕಾಲುದ್ದ ನೀರಲ್ಲಿ ನಿಂತಿದ್ದರಂತೆ, ಮುಷ್ಟಿ ತುಂಬ ಕೆಸರು. "ದಡ ಮೆತ್ತಗಿದೆ, ಜೀಪು ಹೂತುಹೋಗ್ತದೆ" ಎಂದು ಅವನಿಗೆ ರಿಪೋರ್ಟ್ ಕೊಟ್ಟರು. ಅವನು "ಯೆಸ್ ಸರ್" ಎಂದ. ಒಳ್ಳೆಯ ಮನೆತನದವನು.

ನವೆಂಬರ್ 10

ಮಗಳು ಆಮ್ನಾ ಬಾಗಿಲಿಗೆ ಅಲಾರ್ಮ್ ಹಾಕಿಸುತ್ತಾಳಂತೆ. ಬೇಡ ಎಂದೆ. ನನ್ನ ಗಂಡ ಕಳ್ಳನಲ್ಲ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಅವರ ಕೈಗೆ, ಇನ್ನೊಂದು ನನ್ನ ಕೈಗೆ ಕಟ್ಟಿದೆ. ಗಂಟು ಅವರೇ ಕಲಿಸಿದ್ದು.

ಸೈನಿಕರ ದೋಣಿ ದಡ ಮುಟ್ಟುವ ಮೊದಲು ಈಜಿಹೋಗಿ ಶತ್ರುವಿನ ದಡ ನೋಡಿಬರಲು ಸೈನ್ಯದಲ್ಲಿ ಜನವೇ ಇರಲಿಲ್ಲ. ಶುರುಮಾಡಿದ್ದು ಇವರು. ಇಬ್ಬಿಬ್ಬರು, ನಡುವೆ ಒಂದು ಹಗ್ಗ. ಮಾತಿಲ್ಲ. ಒಮ್ಮೆ ಎಳೆದರೆ — ಇದ್ದೇನೆ. ಮೂರು ಸಲ ಎಳೆದರೆ — ಕತ್ತರಿಸು, ನನ್ನನ್ನು ಬಿಟ್ಟು ಹೋಗು.

ಯುದ್ಧದಲ್ಲಿ ಒಂದು ರಾತ್ರಿ ಇವರ ಜೋಡಿ ರೇವಣಪ್ಪ ಮೂರು ಸಲ ಎಳೆದ. ಇವರು ಕತ್ತರಿಸಿದರು. ಪರೀಕ್ಷೆಗೆ ಆ ದಡದ ಮರಳು ತಂದುಕೊಟ್ಟರು. ಮೆಡಲ್ ಬಂತು. ಒಂದು ದಿನವೂ ಹಾಕಲಿಲ್ಲ.

ನವೆಂಬರ್ 24

ಹಗ್ಗ ಚೆನ್ನಾಗಿ ನಡೆದಿದೆ. ಚಪಾತಿ ಲಟ್ಟಿಸುವಾಗ ಪಕ್ಕದ ಕುರ್ಚಿಯಿಂದ ಒಮ್ಮೆ ಎಳೆಯುತ್ತಾರೆ. ನಾನೂ ಎಳೆಯುತ್ತೇನೆ.

"ರೇವಣ್ಣ, ಚಳಿ ಆಗ್ತದೇನೋ?" ಎಂದು ನನ್ನನ್ನು ಕೇಳಿದರು.

"ಇಲ್ಲ ಸಾಬ್" ಎಂದೆ.

ಡಿಸೆಂಬರ್ 2

ಬಿ.ಪಿ. ನೋಡಲು ಬಂದ ನರ್ಸ್ ಹಗ್ಗ ಕಂಡಳು. ಫೋನ್ ಹಿಡಿದು ಹೊರಗೆ ಹೋದಳು.

ಸಂಜೆ ಆಮ್ನಾ ಅತ್ತಳು. "ಅಮ್ಮೀ, ಈ ದೇಶದಲ್ಲಿ ಇದನ್ನ ಅಬ್ಯೂಸ್ ಅಂತಾರೆ. ರಿಪೋರ್ಟ್ ಆಗಿದೆ. ಅಬ್ಬಾಗೆ ನರ್ಸಿಂಗ್ ಹೋಮ್ ಅಪ್ಲೈ ಮಾಡಿದೀನಿ, ಇನ್ಮೇಲೆ ಅಲ್ಲೇ ಇರ್ತಾರೆ."

"ನನ್ನ ಕೈಗೂ ಕಟ್ಟಿತ್ತಲ್ಲ, ಅದು ಹೇಳಿದೆಯಾ?"

"ಅವ್ರಿಗೆ ಅದು ಇನ್ನೂ ವರ್ಸ್, ಅಮ್ಮೀ."

ಅಲಾರ್ಮ್ ಹಾಕಿಸು ಎಂದೆ. ತಡವಾಯಿತಂತೆ.

ಡಿಸೆಂಬರ್ 19, ಬೆಳಿಗ್ಗೆ 9

ಕೋಟು ತೊಡಿಸಿದೆ. ಆಮ್ನಾ ಹೊರಗೆ ಕಾರು ಬೆಚ್ಚಗೆ ಮಾಡುತ್ತಿದ್ದಾಳೆ. ನರ್ಸಿಂಗ್ ಹೋಮಿನಲ್ಲಿ ಹಗ್ಗ ಕಟ್ಟಲು ಬಿಡುವುದಿಲ್ಲ. ಬಾಗಿಲ ತನಕ ಇರಲಿ ಎಂದು ಕಟ್ಟಿದ್ದೇನೆ. ನನ್ನ ಎಡಗೈಗೆ, ಬರೆಯಲು ಅಡ್ಡಿಯಿಲ್ಲ.

ಈಗ ಎಳೆದರು. ಮತ್ತೆ. ಮತ್ತೆ.

ನಾನು ಒಮ್ಮೆ ಎಳೆದೆ.

ಮತ್ತೆ ಮೂರು. ತಿಳಿಯದೆ ಎಳೆಯುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿ "ವಹೀದಾ" ಎಂದರು. ಒಂದು ವರ್ಷದಿಂದ ನನ್ನ ಹೆಸರು ಹಿಡಿದು ಕರೆದಿರಲಿಲ್ಲ.

ಹಾರ್ನ್ ಆಗುತ್ತಿದೆ. ಕತ್ತರಿ ತರಲಾರೆ. ಬಿಚ್ಚೋಣವೆಂದರೆ ಗಂಟು ಒಂದು ಕೈಗೆ ಬರುತ್ತಿಲ್ಲ.