ನೀವು ಮಾಡಿದ ಪವಾಡ

ಅಪ್ಪಾಜಿ,

ಇವತ್ತು ಕೆ.ಬಿ. ಬಡಾವಣೆಯಲ್ಲಿ ನಿಮ್ಮ ಸಂತಾಪ ಸಭೆ ಆಯ್ತು. ನಿಮ್ಮ ಹತ್ರ ತರ್ಕಶಾಸ್ತ್ರ ಕಲಿತ ಕರಿಬಸವರಾಜ ಮೈಕು ಹಿಡಿದು, ಗುರುಗಳು ತಲೆ ಮುಟ್ಟಿದ ಕೂಡಲೇ ಅವರ ಮೂಗ ಮಗ ಮಾತಾಡಿದ ಅಂದ. ಹಂಗನ್ನೋಕೆ ಕರಿಬಸವರಾಜನಿಗೆ ನಾಲಿಗೆಯಾದ್ರೂ ಹೆಂಗೆ ಬಂತು! ಜನ ಕೈ ಮುಗಿದ್ರು.

"ಸುಳ್ಳು! ನನ್ನ ತಮ್ಮ ಸಾಯೋತನಕ ಒಂದು ಮಾತಾಡಲಿಲ್ಲ" ಅಂತ ಎದ್ದೆ.

"ಕೂಡ್ರವ್ವ, ಅಪ್ಪನ ಬಗ್ಗೆ ಹಂಗನಬ್ಯಾಡ" ಅಂದ್ರು ಜನ.

ತಮ್ಮನಿಗೆ ಮಾತು ಬರಲಿ ಅಂತ ಅವ್ವ ಹರಿಹರದ ಚರ್ಚಿಗೆ ಹರಕೆ ಹೊತ್ತು ತಂದ ಮೇಣದಬತ್ತಿ ಕಸಿದು ಮುರಿದವರು ನೀವು. "ಪವಾಡ ಸುಳ್ಳು, ಅದಕ್ಕೇ ಯೇಸು ಅನ್ನೋನೂ ಇರಲೇ ಇಲ್ಲ" ಅಂದ್ರಿ.

ಇವತ್ತಿನ ಪವಾಡವೂ ಸುಳ್ಳು, ಅಪ್ಪಾಜಿ. ಆದ್ರೆ ನೀವು ಇದ್ದದ್ದು ನಿಜ. ಸಾಕ್ಷಿ ಬೇಕೇನು? ಆ ಮುರಿದ ಮೇಣದಬತ್ತಿ ಅವ್ವನ ಟ್ರಂಕಿನಾಗೆ ಇನ್ನೂ ಐತೆ.