ಎರಡು ಮಿಲಿಲೀಟರ್ ಉಗುಳು

ಹೊಸ ಔಷಧದ ಪ್ರಯೋಗಕ್ಕೆ ರೋಗಿಗಳನ್ನು ಆರಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬಾಯಿ ಒಣಗಿದವರಿಗೆಂದೇ ತಯಾರಾದ ಔಷಧವನ್ನು, ಬಾಯಿ ಒಣಗಿದೆ ಎಂಬ ಕಾರಣಕ್ಕೇ ನೀವು ನನ್ನ ಗಂಡನಿಗೆ ಕೊಡಲಿಲ್ಲ. ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ.

ಆ ಔಷಧ, ಬಾಯೊಳಗೆ ಸಿಂಪಡಿಸುವ ಆ ಸ್ಪ್ರೇ, ನನಗೆ ಹೊಸದಲ್ಲ. ಇಲ್ಲೇ ಕೆನಡಾದ ವಿನ್ನಿಪೆಗ್‌ನ ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷಿಸಿದವಳೇ ನಾನು. ಪ್ರತಿ ಮಂಗಳವಾರ ಕಸಾಯಿಖಾನೆಯಿಂದ ಹಂದಿಯ ಕೆನ್ನೆ ತಂದು, ಒಳಚರ್ಮಕ್ಕೆ ಸಿಂಪಡಿಸಿ, ಮೇಲೆ ನೀರು ಹರಿಸಿ ನೋಡುತ್ತಿದ್ದೆ. ಆರು ಗಂಟೆ ಹರಿಸಿದರೂ ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಅಂಟಿಕೊಂಡೇ ಇದ್ದು, ಬೂಷ್ಟು ಕೊಲ್ಲುವ ಮದ್ದನ್ನು ಚೂರುಚೂರೇ ಬಿಡುತ್ತಿತ್ತು.

ನನ್ನ ಗಂಡ ಮೆಟ್ರೊ ಒಂದು ಕಾಲಕ್ಕೆ ನಮ್ಮ ಮ್ಯಾನಿಟೋಬ ಪ್ರಾಂತ್ಯದ ಊರೂರಲ್ಲಿ ದನ, ಟ್ರ್ಯಾಕ್ಟರ್ ಹರಾಜು ಕೂಗಿದವನು. ಗಂಟಲಿನ ಕ್ಯಾನ್ಸರಿಗೆ ಕೊಟ್ಟ ವಿಕಿರಣ ಅವನ ಉಗುಳಿನ ಗ್ರಂಥಿಗಳನ್ನೇ ಸುಟ್ಟಿತು. ಆಮೇಲೆ ನಾಲಿಗೆಯ ತುಂಬ, ಅಂಗುಳದ ತುಂಬ ಬಿಳಿ ಬೂಷ್ಟು. ಮಾತ್ರೆಗಳು ಲಿವರ್‌ಗೆ ಆಗಿಬರಲಿಲ್ಲ. ಮುಕ್ಕಳಿಸುವ ಔಷಧ ಬಾಯಲ್ಲಿ ಅರೆನಿಮಿಷವೂ ನಿಲ್ಲುತ್ತಿರಲಿಲ್ಲ. ಆಲೂಗಡ್ಡೆ ತುಂಬಿದ ಪೆರೊಗಿ ಕಡುಬನ್ನು ಹಾಲಿನಲ್ಲಿ ಕಿವುಚಿ ಕೊಟ್ಟರೂ ಉರಿ ತಾಳದೆ ತಟ್ಟೆ ಸರಿಸುತ್ತಿದ್ದ.

ನಿಮ್ಮ ನಿಯಮದಂತೆ, ಪ್ರಯೋಗಕ್ಕೆ ಸೇರುವವರು ಐದು ನಿಮಿಷದಲ್ಲಿ ಎರಡು ಮಿಲಿಲೀಟರ್ ಉಗುಳು ಕೊಡಬೇಕು. ಮುಂದೆ ಸ್ಪ್ರೇ ಕೊಟ್ಟ ಮೇಲೆ ಉಗುಳಿನಲ್ಲಿ ಮದ್ದು ಎಷ್ಟಿದೆಯೆಂದು ನೀವು ಅಳೆಯುತ್ತೀರಂತೆ. ಉಗುಳಿರುವವರಿಗೆ ಈ ಸ್ಪ್ರೇ ಯಾಕೆ ಬೇಕು ಸ್ವಾಮಿ? ಮೆಟ್ರೊ ಪ್ಲಾಸ್ಟಿಕ್ ಲೋಟ ಹಿಡಿದು ಕೂತ. ನಾನು ನಿಂಬೆಹೋಳನ್ನು ಅವನ ಮೂಗಿನ ಹತ್ತಿರ ಹಿಡಿದೆ.

"ನಿಮ್ಮಮ್ಮ ಮಾಡ್ತಿದ್ದ ಹುಳಿ ಎಲೆಕೋಸು ನೆನೆಸ್ಕೊಳ್ಳೋ."

"ಅಮ್ಮನ್ನ ನೆನೆಸ್ಕೊಂಡ್ರೆ ಬರೋದು ಕಣ್ಣೀರು ಕಣೇ, ಓರಿಸ್ಯಾ. ಅದನ್ನ ತಗೋತಾರಾ ಕೇಳು."

ಹೊತ್ತು ಮುಗಿದಾಗ ಖಾಲಿ ಲೋಟವನ್ನು ನರ್ಸಿನತ್ತ ಎತ್ತಿ ಹಿಡಿದು, ಉಳಿದಷ್ಟು ದನಿಯಲ್ಲಿ ಕೂಗಿದ: "ಒಂದನೇ ಸಾರಿ! ಎರಡನೇ ಸಾರಿ! ಯಾರೂ ಕೇಳೋರಿಲ್ವೇನ್ರಮ್ಮ?"

ಆಕೆ ಮುಖ ಎತ್ತದೆ 'ಅನರ್ಹ' ಎಂದು ಬರೆದಳು. ತಿನ್ನಲಾರದೆ ಸೊರಗಿದ ಮೆಟ್ರೊ ಏಳನೇ ವಾರಕ್ಕೆ ತೀರಿಕೊಂಡ. ಅವನ ಕ್ಯಾನ್ಸರ್ ವಾಸಿಯಾಗಿದೆ ಎಂದು ವೈದ್ಯರು ಕೊಟ್ಟ ಕಾಗದ ಇನ್ನೂ ನನ್ನ ಮೇಜಿನ ಮೇಲಿದೆ.

ನಿಮ್ಮ ನಿಯಮದಲ್ಲಿರುವ ಆ ಎರಡು ಮಿಲಿಲೀಟರಿನ ಸಾಲನ್ನು ಹೊಡೆದುಹಾಕಿ, ಈ ವಾರವೇ. ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಗೆ ಒರೆಸಿದರೂ ಅಳತೆ ಸಿಗುತ್ತದೆ. ನಾನು ಅಳೆಯುತ್ತಿದ್ದದ್ದು ಹಾಗೆಯೇ. ಸತ್ತ ಹಂದಿಯನ್ನು ಉಗುಳು ಎಂದು ಯಾರೂ ಕೇಳಿರಲಿಲ್ಲ.

ಇನ್ನೊಂದು ಮಾತು. ಆ ಏಳೂ ವಾರ ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಅದೇ ಸ್ಪ್ರೇಯ ಹನ್ನೊಂದು ಬಾಟಲಿಗಳಿದ್ದವು. ಕೀಲಿಕೈ ನನ್ನ ಬಳಿಯೇ ಇತ್ತು. ನಿಮ್ಮ ನಿಯಮಕ್ಕೆ ಏನೋ ಅರ್ಥವಿರಬೇಕೆಂದು ನಂಬಿ ನಾನು ಒಂದನ್ನೂ ಮುಟ್ಟಲಿಲ್ಲ.

ಇಂತಿ,
ಹಂದಿಯ ಕೆನ್ನೆಗೆ ಸಿಂಪಡಿಸಿ, ಗಂಡನ ಕೆನ್ನೆಗೆ ಸಿಂಪಡಿಸದೆ ಉಳಿದವಳು,
ಓರಿಸ್ಯಾ ಹ್ನಾಟ್ಯುಕ್