ನಾಲಿಗೆ ಸಾಹೇಬರ ಪ್ರವಾಸ

ಹೋಟೆಲಿನ ನಾಲ್ಕನೇ ಮಹಡಿ,
ರೈಲು ನಿಲ್ದಾಣದ ಹಿಂದಿನ ಬೀದಿ
ಬುಧವಾರ, ಬೆಳಗ್ಗೆ

ಸಭಾಧ್ಯಕ್ಷರೇ, ವೇದಿಕೆಗೆ ಬರುತ್ತೇವೆಂದು ಹೇಳಿ ಬಾರದೇ ಉಳಿದ ಗಣ್ಯರೇ, ಬಾಗಿಲಲ್ಲಿ ನಿಂತು ಇದು ಯಾವಾಗ ಮುಗಿಯುತ್ತದೆ ಎಂದು ಗಡಿಯಾರ ನೋಡುತ್ತಿರುವ ಮಹನೀಯರೇ! ಒಂಬತ್ತು ದಿನ, ಏಳು ಊರು, ನಲವತ್ತೊಂದು ಬಗೆಯ ಬಿಯರು ಎಂಬ ಘನವಾದ ವಿಷಯದ ಮೇಲೆ ಎರಡು ಮಾತಾಡಲು ಅಪ್ಪಣೆಯಾಗಲಿ. ಸಭೆಯಲ್ಲಿ ಇರುವವನು ನೀನೊಬ್ಬನೇ ಆದ್ದರಿಂದ ಚಪ್ಪಾಳೆಯ ಭಾರವೂ ನಿನ್ನದೇ.

ಪ್ರೀತಿಯ ತಮ್ಮಾ, ಹೇಗಿದ್ದೀಯೋ? ಊಟ ಸೇರುತ್ತಿದೆಯೇ, ನಿದ್ದೆ ಹತ್ತುತ್ತಿದೆಯೇ? ಕೇಳುವುದಕ್ಕೆ ಮೊದಲೇ ಉತ್ತರ ಗೊತ್ತು ಅನ್ನು. ಮೊನ್ನೆ ನಿನ್ನ ಮನೆಯವಳು ಫೋನಿನಲ್ಲಿ ಅತ್ತಳು. "ಭಾವ, ಇವರು ತೊಳೆದ ಲೋಟವನ್ನೇ ಮತ್ತೆ ತೊಳೀತಾರೆ, ಆಮೇಲೆ ಅದನ್ನ ಮೂಗಿಗೆ ಹಿಡಕೊಂಡು ಕೂತುಬಿಡ್ತಾರೆ. ಪೈಪು ತೊಳೆಯೋದು ನಾನೇ ಮರೆತಿದ್ದೆನೇನೋ, ಸೋಮವಾರ ವಿಚಾರಣೆಗೆ ಹೋಗಿ ತಪ್ಪು ಒಪ್ಪಿಕೊಂಡು ಸಹಿ ಹಾಕಿಬಿಡ್ತೀನಿ ಅಂತಾರೆ" ಎಂದಳು. ಹದಿನಾರು ವರ್ಷ ಒಂದೇ ಬಿಯರು ಕಾರ್ಖಾನೆಯಲ್ಲಿ ಪೈಪು ತೊಳೆದ ಕೈ ಅದು. ನನ್ನನ್ನು ನಾಲಿಗೆ ಸಾಹೇಬ, ನಿನ್ನನ್ನು ತೊಳೆಯಪ್ಪ ಎಂದು ಕರೆದವರೇ ಈಗ ನಿನ್ನ ಹೆಸರು ಬಂದರೆ ಮಾತು ಬದಲಿಸುತ್ತಾರೆ. ಮೇಲಿನವರ ತರ್ಕ ಸರಳ: ದೊಡ್ಡ ಟ್ಯಾಂಕಿನಲ್ಲಿ ರುಚಿ ಚೆನ್ನಾಗಿತ್ತೆಂದು ನಾನು ಸಹಿ ಹಾಕಿದ್ದೇನೆ, ಬಾಟಲಿಯಲ್ಲಿ ಹುಳಿಯಾಗಿ ಹೊರಬಂದಿದೆ, ನಡುವೆ ಇದ್ದದ್ದು ನಿನ್ನ ಪೈಪು. ಮೊದಲ ವಿಚಾರಣೆಯಲ್ಲಿ ಟ್ಯಾಂಕಿನ ಮೇಲೆ ಅನುಮಾನವಿದೆಯೇ ಎಂದು ಅವರು ಕೇಳಿದಾಗ ನೀನೇ ಹೇಳಿದೆಯಲ್ಲ, "ಅಣ್ಣ ಚೆನ್ನಾಗಿದೆ ಅಂದರೆ ಚೆನ್ನಾಗೇ ಇರುತ್ತೆ ಸಾರ್" ಎಂದು. ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತು ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

ಇರಲಿ, ನನ್ನ ಆರೋಗ್ಯ ಕಲ್ಲುಗುಂಡು. ಹೊಸ ಬಗೆಗಳನ್ನು ರುಚಿ ನೋಡಿ ಬಾ ಎಂದು ಕಳಿಸಿದ್ದಾರೆ, ನೋಡುತ್ತಿದ್ದೇನೆ. ಇಲ್ಲಿ ಗ್ಯಾರೇಜು, ಗೋದಾಮು, ಮುಚ್ಚಿದ ಲಾಂಡ್ರಿ ಎಲ್ಲದರಲ್ಲೂ ಎರಡು ಟ್ಯಾಂಕು ಇಟ್ಟು ಬಿಯರು ಮಾಡುತ್ತಾರೆ, ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅದರ ಗುಣಗಾನ ಬರೆಯುತ್ತಾರೆ. ಪುಟ್ಟ ಗ್ಲಾಸು, ಔಷಧಿ ಕುಡಿಸುವಷ್ಟು. ಒಂದೊಂದಕ್ಕೂ ಒಂದು ಪ್ರಾಸ ಕಟ್ಟಿ ವರದಿಯಲ್ಲಿ ಸೇರಿಸುತ್ತಿದ್ದೇನೆ. "ಮೊದಲನೆಯದು ಹೊಂಬಣ್ಣ, ನೊರೆ ಸಣ್ಣ, ಹೀರಿದವನ ಮೀಸೆಗೆ ಸುಣ್ಣ." ಇನ್ನೊಂದು, "ಕಪ್ಪು ಬಿಯರು, ದಪ್ಪ ನೊರೆ. ಹೊಟ್ಟೆಗಿಳಿದರೆ ಕಲ್ಲಿನ ಹೊರೆ." ಜೊತೆಗೆ ಬಂದಿರುವ ನಮ್ಮ ಮಾರಾಟ ವಿಭಾಗದ ಅಧಿಕಾರಿ, ಅದೇ ನಮ್ಮ ಮೇಷ್ಟ್ರು, ಪ್ರತಿ ಗುಟುಕಿಗೂ ಕಣ್ಣು ಮುಚ್ಚಿ "ಆಹಾ, ಕಿತ್ತಳೆ ಸಿಪ್ಪೆ! ಆಹಾ, ಸುಟ್ಟ ಸಕ್ಕರೆ!" ಎನ್ನುತ್ತಾರೆ. ನಾನು ಗಂಭೀರವಾಗಿ ತಲೆಯಾಡಿಸಿ ಬರೆದುಕೊಳ್ಳುತ್ತೇನೆ.

ನಿನ್ನೆಯದು ಮಾತ್ರ ತಮಾಷೆ. ಹಳೆಯ ಕಾರು ಶೆಡ್ಡು, ನೆಲವೆಲ್ಲ ಒದ್ದೆ, ಒಡತಿ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ತಾನೇ ಪೈಪು ತೊಳೆಯುತ್ತಿದ್ದಳು. ನೀನು ನೋಡಿದ್ದರೆ ಎರಡು ಸಲಹೆ ಕೊಡದೆ ಬಿಡುತ್ತಿರಲಿಲ್ಲ. ನಾನು ಕಾರ್ಖಾನೆಯ ರುಚಿ ಪರೀಕ್ಷಕ ಎಂದು ತಿಳಿದದ್ದೇ ಹಲಗೆಯ ಮೇಲೆ ನಾಲ್ಕು ಗ್ಲಾಸು ತಂದಿಟ್ಟಳು. ಮೂರನೆಯದು ತೆಳು ಕೆಂಪು, ನೊರೆ ಬಿಗಿಯಾಗಿ ನಿಂತಿತ್ತು. ಪೂರ್ತಿ ಕುಡಿದು ಗ್ಲಾಸು ಕೆಳಗಿಟ್ಟು "ಕೆಂಪು ರಾಣಿ, ನಾಲಿಗೆಗೆ ವೀಣೆಯ ವಾಣಿ" ಎಂದೆ. ಅಷ್ಟರಲ್ಲಿ ಮೇಷ್ಟ್ರು ತಮ್ಮ ಪಾಲಿನ ಗುಟುಕನ್ನು ಕರವಸ್ತ್ರಕ್ಕೆ ಉಗಿದು ಕೆಮ್ಮುತ್ತಿದ್ದರು. ಅದು ಕೆಲಸದವರಿಗೆ ಪಾಠ ಹೇಳಲೆಂದು ಬೇಕಂತಲೇ ಕೆಡಿಸಿಟ್ಟ ಬಿಯರಂತೆ. ರುಚಿಯ ಪಂಡಿತ ಎಂದು ಹೇಳಿಕೊಂಡು ಬಂದವರಿಗೆಲ್ಲ ಅವಳು ಅದರ ಒಂದು ಗ್ಲಾಸು ಸೇರಿಸಿಡುವುದು ಅಲ್ಲಿಯ ಪದ್ಧತಿ. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು: "ನಮ್ಮ ಸಾಹೇಬರಿಗೆ ಎಲ್ಲವೂ ಆಟ, ನಿಮ್ಮನ್ನೇ ಕುಣಿಸಿಬಿಟ್ಟರು!" ಅವಳು ನಗಲಿಲ್ಲ. ಕೈ ತೊಳೆಯುವ ನೆಪದಲ್ಲಿ ನನ್ನನ್ನು ನಲ್ಲಿಯ ಹತ್ತಿರ ಕರೆದು, ಇಬ್ಬರಿಗೂ ಅರೆಬರೆ ಬರುವ ಇಂಗ್ಲಿಷಿನಲ್ಲಿ ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ನೆಗಡಿ ಎಂದೆ. ಅವಳು ನಲ್ಲಿ ನಿಲ್ಲಿಸಿ, ಒರೆಸಿಕೊಳ್ಳಲು ಬಟ್ಟೆ ಕೊಟ್ಟು, ನಾಲ್ಕನೆಯ ಗ್ಲಾಸನ್ನು ನಾನು ಮುಟ್ಟುವ ಮೊದಲೇ ಒಳಗೆ ತೆಗೆದುಕೊಂಡು ಹೋದಳು.

ಪ್ರವಾಸ ಇನ್ನೂ ಐದು ದಿನ ಇದೆ. ಮೇಷ್ಟ್ರು ಮಾತ್ರ ಇವತ್ತೇ ಹಿಂದಿರುಗುತ್ತಾರೆ. ದೊಡ್ಡವರ ಮುಂದೆ ನನ್ನ ತಲೆ ಬಾಗಿದೆ ಎಂದು ಹೇಳು, ಚಿಕ್ಕವರ ತಲೆ ನನ್ನ ಪರವಾಗಿ ನೀನೇ ಸವರು. ನಿನ್ನ ಮನೆಯವಳಿಗೆ ಲೋಟಗಳನ್ನು ಎತ್ತಿಡಲು ಹೇಳು.

ಇತಿ,
ನಿನ್ನ ಅಣ್ಣ

ಮತ್ತೆ: ಮೇಷ್ಟ್ರ ಟ್ಯಾಕ್ಸಿ ಕೆಳಗೆ ಹಾರ್ನ್ ಹೊಡೆಯುತ್ತಿದೆ, ಈ ಕಾಗದ ಅವರ ಕೈಯಲ್ಲೇ ಬರಬೇಕು. ಸೋಮವಾರ ಯಾವುದಕ್ಕೂ ಸಹಿ ಹಾಕಬೇಡ. ಪೈಪಿಗೆ ಬಿಡುವ ಮೊದಲೇ ಪ್ರತಿ ಟ್ಯಾಂಕಿನಿಂದ ಒಂದು ಬಾಟಲಿ ತುಂಬಿ, ಮುಚ್ಚಿ ತೆಗೆದಿಡುತ್ತೇನಲ್ಲ, ಆ ದಿನದ್ದು ಒಡೆದುಹೋಯಿತು ಎಂದು ವಿಚಾರಣೆಯಲ್ಲಿ ಹೇಳಿದ್ದೆ. ಒಡೆದಿಲ್ಲ. ಪರೀಕ್ಷಾ ಕೋಣೆಯ ಫ್ರಿಜ್ಜಿನಲ್ಲಿ, ಕೆಳಗಿನ ಸಾಲಿನ ಕೊನೆಯಲ್ಲಿ, ಬೇರೆ ತಾರೀಕಿನ ಚೀಟಿ ಅಂಟಿಸಿ ನಾನೇ ಇಟ್ಟಿದ್ದೇನೆ. ಆ ಚೀಟಿ ಕಿತ್ತರೆ ಅಡಿಯಲ್ಲಿ ನಿಜವಾದ ಚೀಟಿ ಇದೆ. ಈ ಕಾಗದ ತೋರಿಸು, ಬಾಟಲಿ ತರಿಸು, ಅವರೆದುರೇ ಮುಚ್ಚಳ ತೆಗೆಸು. ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ. ನೆಗಡಿ ಅಲ್ಲ ಕಣೋ. ಹೋದ ವರ್ಷ ಜ್ವರ ಬಂದು ಬಿಟ್ಟ ಮೇಲೆ ನನಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಆ ದಿನ ನೊರೆ ನೋಡಿ ಸಹಿ ಹಾಕಿದೆ.